ಪಾಲಕರ ಆಕ್ಷೇಪಣೆ ಮತ್ತು ಪುಸ್ತಕದ ಓದು

ಶಾಲೆಯಲ್ಲಿ ಉಪಾಧ್ಯಾಯರು ವಿದ್ಯಾರ್ಥಿಗಳ ಕೈಗೆ ಕೊಡುವ ಪುಸ್ತಕಗಳನ್ನು ಕುರಿತು ಪಾಲಕರು ಆಕ್ಷೇಪಣೆ ಎತ್ತುವುದು ಹೊಸ ಸಂಗತಿಯೇನಲ್ಲ. ಇಂಥ ಪ್ರಸಂಗ ಒದಗಿದಾಗಲೆಲ್ಲ ಎರಡು ಪಕ್ಷಗಳು ಏಳುತ್ತವೆ. ಒಂದು ಪಕ್ಷ ಮಕ್ಕಳ ಶೀಲರಕ್ಷಣೆಯ ಹೆಸರನ್ನು ಹೇಳುತ್ತದೆ. ಇನ್ನೊಂದು ವಿಚಾರಸ್ವಾತಂತ್ರ್ಯದ ಹೆಸರನ್ನು. ವಾದ ಬೆಳೆದು, ಸಭೆಯಲ್ಲಿಯೋ ನ್ಯಾಯಾಲಯದಲ್ಲಿಯೋ ಹೇಗೋ ಕೊನೆಗಾಣುತ್ತದೆ. ಆ ಗದ್ದಲದಲ್ಲಿ ಒಂದು ಪ್ರಶ್ನೆ ಮಾತ್ರ ಹಿಂದುಳಿದುಬಿಡುತ್ತದೆ: ಆಕ್ಷೇಪಿಸಿದವರು ಆ ಪುಸ್ತಕವನ್ನು ಹೇಗೆ ಓದಿದರು? ಆಕ್ಷೇಪಣೆಯೂ ಒಂದು ಬಗೆಯ ವಿಮರ್ಶೆಯೇ. ವಿಮರ್ಶೆಯೆಂದಮೇಲೆ ಅದನ್ನೂ ವಿಮರ್ಶೆಯ ಒರೆಗಲ್ಲಿಗೆ ಹಚ್ಚಿ ನೋಡಬೇಕಾದುದು ನ್ಯಾಯ. ಪ್ರಕೃತ ಲೇಖನದ ಉದ್ದೇಶ ಇಷ್ಟೇ.

ದಾಖಲೆಗಳು ಚೆನ್ನಾಗಿ ಉಳಿದುಬಂದಿರುವ ಒಂದು ಪ್ರಸಂಗವನ್ನು ಇದಕ್ಕಾಗಿ ಆರಿಸಿಕೊಳ್ಳೋಣ. ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದ ಲಾಂಗ್ ಐಲೆಂಡಿನಲ್ಲಿ ಐಲೆಂಡ್ ಟ್ರೀಸ್ ಎಂಬುದೊಂದು ಶಾಲಾ ವಲಯ. 1975ರ ಸೆಪ್ಟೆಂಬರಿನಲ್ಲಿ ಅದರ ಆಡಳಿತ ಮಂಡಳಿಯ ಮೂವರು ಸದಸ್ಯರು ಪಾಲಕರ ಸಂಘಟನೆಯೊಂದು ನಡೆಸಿದ ಸಮ್ಮೇಳನಕ್ಕೆ ಹೋಗಿದ್ದರು. ಅಲ್ಲಿ ಅವರಿಗೆ ಆಕ್ಷೇಪಾರ್ಹವೆನಿಸಿದ ಪುಸ್ತಕಗಳ ಪಟ್ಟಿಗಳು ದೊರೆತವು. ಪುಸ್ತಕಗಳಿಂದ ಹೆಕ್ಕಿದ ವಾಕ್ಯಗಳೂ ದೊರೆತವು. ಹಿಂದಿರುಗಿ ಬಂದು ಹುಡುಕಿದಾಗ, ಪಟ್ಟಿಯೊಳಗಿನ ಒಂಬತ್ತು ಪುಸ್ತಕಗಳು ಪ್ರೌಢಶಾಲೆಯ ಗ್ರಂಥಾಲಯದಲ್ಲಿಯೂ ಒಂದು ಕೆಳಗಿನ ಶಾಲೆಯಲ್ಲಿಯೂ ಇದ್ದುದು ಕಂಡುಬಂದಿತು. ಹನ್ನೊಂದನೆಯದು ಹನ್ನೆರಡನೆಯ ತರಗತಿಯ ಸಾಹಿತ್ಯ ಪಾಠದಲ್ಲಿಯೇ ಸೇರಿತ್ತು. 1976ರ ಆರಂಭದಲ್ಲಿ ಮಂಡಳಿಯು ಇವನ್ನು ತೆಗೆದಿರಿಸುವಂತೆ ಆಜ್ಞೆ ಮಾಡಿತು. ಇವು ಅಮೆರಿಕಕ್ಕೆ ವಿರುದ್ಧ, ಕ್ರೈಸ್ತಧರ್ಮಕ್ಕೆ ವಿರುದ್ಧ, ಯಹೂದ್ಯರಿಗೆ ವಿರುದ್ಧ, ಮತ್ತು ಕೇವಲ ಹೊಲಸು ಎಂಬುದು ಮಂಡಳಿಯು ಪತ್ರಿಕೆಗಳಿಗೆ ಕೊಟ್ಟ ಹೇಳಿಕೆಯ ಸಾರ.

ಬಳಿಕ ನಾಲ್ವರು ಪಾಲಕರು ಮತ್ತು ನಾಲ್ವರು ಶಾಲಾ ಸಿಬ್ಬಂದಿಯ ಸಮಿತಿಯೊಂದು ನೇಮಕವಾಯಿತು. ಸಮಿತಿಯು ಪುಸ್ತಕಗಳನ್ನು ಓದಿ ವರದಿ ಕೊಟ್ಟಿತು. ಐದನ್ನು ಉಳಿಸಿಕೊಳ್ಳಬಹುದು, ಎರಡನ್ನು ತೆಗೆಯಬಹುದು, ಒಂದನ್ನು ಪಾಲಕರ ಅನುಮತಿ ಪಡೆದು ಕೊಡಬಹುದು ಎಂದು ಅದರ ಅಭಿಪ್ರಾಯ. ಎರಡರ ವಿಷಯದಲ್ಲಿ ಒಮ್ಮತ ಬರಲಿಲ್ಲ. ಉಳಿದ ಒಂದನ್ನು ಎಲ್ಲ ಸದಸ್ಯರೂ ಓದಲಾಗಿರಲಿಲ್ಲವಾದ್ದರಿಂದ ಅದರ ಬಗೆಗೆ ಏನನ್ನೂ ಹೇಳಲಿಲ್ಲ. ಓದದ ಪುಸ್ತಕದ ವಿಷಯದಲ್ಲಿ ಸುಮ್ಮನಿರುವ ಈ ಸಂಯಮ ವೃತ್ತಿಪರ ವಿಮರ್ಶಕರಲ್ಲಿಯೂ ಅಪರೂಪ. ಆದರೆ ಮಂಡಳಿಯು ಈ ವರದಿಯನ್ನು ಬದಿಗಿಟ್ಟು, ಒಂದು ಪುಸ್ತಕವನ್ನು ನಿರ್ಬಂಧವಿಲ್ಲದೆ, ಇನ್ನೊಂದನ್ನು ಪಾಲಕರ ಅನುಮತಿಯ ಮೇಲೆ ಉಳಿಸಿ, ಒಂಬತ್ತನ್ನು ಹೊರಗೆ ಹಾಕಿತು. ವಿದ್ಯಾರ್ಥಿಗಳು 1977ರಲ್ಲಿ ದಾವೆ ಹೂಡಿದರು. 1982ರ ಜೂನ್ 25ರಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಐದಕ್ಕೆ ನಾಲ್ಕು ಮತಗಳಿಂದ ವಿದ್ಯಾರ್ಥಿಗಳ ದಾವೆಯನ್ನು ವಿಚಾರಣೆಗೆ ಉಳಿಸಿತು. ಪುಸ್ತಕದ ವಿಚಾರ ತಮಗೆ ಒಪ್ಪಿಗೆಯಾಗದೆಂಬ ಕಾರಣಕ್ಕೇ ಅದನ್ನು ಶಾಲೆಯ ಗ್ರಂಥಾಲಯದಿಂದ ತೆಗೆಯಲಾಗದೆಂಬ ನ್ಯಾಯಮೂರ್ತಿ ಬ್ರೆನ್ನನರ ಅಭಿಪ್ರಾಯಕ್ಕೆ ಮಾತ್ರ ಬಹುಮತ ದೊರೆಯಲಿಲ್ಲ. ಪಠ್ಯಕ್ರಮದ ಪ್ರಶ್ನೆಯನ್ನು ಅವರು ಮುಟ್ಟಲೂ ಇಲ್ಲ. ಕಡೆಗೆ ಮಂಡಳಿಯೇ ಪುಸ್ತಕಗಳನ್ನು ಕಪಾಟಿಗೆ ಮರಳಿಸಿತು.

ನ್ಯಾಯದ ಮಾತು ಇಷ್ಟಕ್ಕೆ ಸಾಕು. ಆ ಪುಸ್ತಕಗಳಲ್ಲಿ ಮೂರನ್ನು ಎತ್ತಿಕೊಂಡು, ಆಕ್ಷೇಪಣೆಯ ಓದು ಎಂಥದೆಂಬುದನ್ನು ಪರಿಶೀಲಿಸೋಣ.

ಮೊದಲನೆಯದು ಆಲಿಸ್ ಚಿಲ್ಡ್ರೆಸ್ ಎಂಬ ಕರಿಯ ಲೇಖಕಿ 1973ರಲ್ಲಿ ಪ್ರಕಟಿಸಿದ ಕಾದಂಬರಿ. ಮಾದಕ ಪದಾರ್ಥದ ಚಟಕ್ಕೆ ಬಿದ್ದ ಹದಿಮೂರು ವರ್ಷದ ಹುಡುಗನೊಬ್ಬನ ಕಥೆ. ಜಾರ್ಜ್ ವಾಷಿಂಗ್‌ಟನ್ ಗುಲಾಮರ ಒಡೆಯನಾಗಿದ್ದನೆಂಬ ಮಾತು ಅದರಲ್ಲಿ ಬರುತ್ತದೆ. ಇದು ದೇಶಕ್ಕೆ ವಿರುದ್ಧವಾದ ಮಾತೆಂದು ಮಂಡಳಿಯವರು ಆಕ್ಷೇಪಿಸಿದರು. ವಾಷಿಂಗ್‌ಟನ್ ಗುಲಾಮರನ್ನು ಇಟ್ಟುಕೊಂಡಿದ್ದುದು ಚರಿತ್ರೆ ಒಪ್ಪಿದ ಸಂಗತಿ. ಇಲ್ಲಿ ಆಕ್ಷೇಪಣೆಗೆ ಒಳಗಾದದ್ದು ಸುಳ್ಳಲ್ಲ, ಅಶ್ಲೀಲವೂ ಅಲ್ಲ, ಸತ್ಯ. ಮಕ್ಕಳಿಗೆ ಯಾವ ಸತ್ಯವನ್ನು ಯಾವ ವಯಸ್ಸಿನಲ್ಲಿ ಹೇಳಬೇಕೆಂಬುದು ಚರ್ಚೆಗೆ ಯೋಗ್ಯವಾದ ಪ್ರಶ್ನೆಯೇ ಹೌದು. ಆದರೆ ಸತ್ಯವನ್ನು ಹೊಲಸಿನ ಪಟ್ಟಿಯಲ್ಲಿ ಸೇರಿಸಿದೊಡನೆ ಆ ಚರ್ಚೆಗೆ ಎಡೆಯೇ ಇಲ್ಲದಂತಾಗುತ್ತದೆ.

ಎರಡನೆಯದು ಬರ್ನಾರ್ಡ್ ಮ್ಯಾಲಮಡ್ 1966ರಲ್ಲಿ ಬರೆದ ‘ದಿ ಫಿಕ್ಸರ್’. ಹನ್ನೆರಡನೆಯ ತರಗತಿಯ ಪಾಠದಲ್ಲಿದ್ದ ಪುಸ್ತಕ ಇದೇ. ಜಾರ್ ಚಕ್ರವರ್ತಿಯ ಕಾಲದ ಕೀವ್ ನಗರದಲ್ಲಿ ಬಡ ಯಹೂದಿಯೊಬ್ಬನ ಮೇಲೆ ಕೊಲೆಯ ಸುಳ್ಳು ಆಪಾದನೆ ಹೊರಿಸಿ ಅವನನ್ನು ಸೆರೆಮನೆಯಲ್ಲಿ ಕೊಳೆಯಿಸುವ ಕಥೆ ಇದು. 1911ರಲ್ಲಿ ಬಂಧಿತನಾಗಿ 1913ರಲ್ಲಿ ನಿರ್ದೋಷಿಯೆಂದು ಬಿಡುಗಡೆಗೊಂಡ ಬೈಲಿಸನ ಮೊಕದ್ದಮೆ ಇದಕ್ಕೆ ಆಧಾರ. ಯಹೂದ್ಯರನ್ನು ಹೀನಾಯವಾಗಿ ಬೈಯುವ ಮಾತುಗಳು ಇದರಲ್ಲಿವೆ. ಅವು ಹೊರಡುವುದು ಯಹೂದ್ಯರನ್ನು ದ್ವೇಷಿಸುವವರ ಬಾಯಿಂದ. ಅಂಥ ಮಾತುಗಳನ್ನು ಹೆಕ್ಕಿ ಬೇರೆ ಕಾಗದಕ್ಕೆ ಇಳಿಸಿದಾಗ ಆಡಿದವನ ಹೆಸರು ಬಿಟ್ಟುಹೋಯಿತು. ದ್ವೇಷಕ್ಕೆ ಬಲಿಯಾದವನ ಪರವಾಗಿ ಸ್ವತಃ ಯಹೂದಿಯಾದ ಲೇಖಕ ಬರೆದ ಕೃತಿ, ಯಹೂದ್ಯರ ವಿರೋಧಿ ಎಂಬ ಆಪಾದನೆ ಹೊತ್ತ ಪಟ್ಟಿಯಲ್ಲಿಯೇ ಸೇರಿಕೊಂಡಿತು! ಈ ಕ್ರಮದಿಂದ ಓದಿದರೆ, ದ್ಯೂತಸಭೆಯಲ್ಲಿ ಕೌರವರು ದ್ರೌಪದಿಗೆ ಆಡಿದ ಮಾತುಗಳನ್ನು ಮಾತ್ರ ಬರೆದುಕೊಂಡು, ಕುಮಾರವ್ಯಾಸನು ಸ್ತ್ರೀನಿಂದಕನೆಂದು ಸಾಧಿಸಬಹುದು. ನಮ್ಮ ಹಳ್ಳಿಯ ನಿರಕ್ಷರಿಯೂ ಬಯಲಾಟದಲ್ಲಿ ಕೀಚಕನ ಮಾತು ಕೇಳಿ ಭಾಗವತನನ್ನು ದೂರುವುದಿಲ್ಲ. ಪಾತ್ರದ ಮಾತು ಬೇರೆ, ಕವಿಯ ಮಾತು ಬೇರೆ ಎಂಬ ವಿವೇಕ ಅವನಿಗೆ ಆಟ ನೋಡಿಯೇ ಬಂದಿದೆ. ಅದು ಪಟ್ಟಿ ನೋಡಿ ಬರುವಂಥದಲ್ಲ.

ಮೂರನೆಯದು 1971ರಲ್ಲಿ ಲೇಖಕರ ಹೆಸರಿಲ್ಲದೆ ಹೊರಬಂದ ‘ಗೋ ಆಸ್ಕ್ ಆಲಿಸ್’. ಮಾದಕ ವಸ್ತುಗಳಿಂದ ಹಾಳಾದ ಹುಡುಗಿಯೊಬ್ಬಳ ನಿಜವಾದ ದಿನಚರಿ ಎಂದು ಅದು ಪ್ರಚಾರ ಪಡೆಯಿತು. ಅದು ಬಿಯಾಟ್ರಿಸ್ ಸ್ಪಾರ್ಕ್ಸ್ ಎಂಬ ಪ್ರೌಢ ಲೇಖಕಿಯ ಕೃತಿ ಎಂದು ಈಗ ಸಾಮಾನ್ಯವಾಗಿ ಪರಿಗಣಿಸುತ್ತಾರೆ. ಈ ಪುಸ್ತಕದ ಮೇಲೆ ಮಾಡಬಹುದಾದ ಗಟ್ಟಿಯಾದ ಆಕ್ಷೇಪಣೆ ಸಾಹಿತ್ಯಕವಾದದ್ದು: ಕಟ್ಟಿದ ಕಥೆಯನ್ನು ನಡೆದ ಸಂಗತಿಯೆಂದು ನಂಬಿಸುವುದು ಓದುಗನಿಗೆ ಬಗೆದ ವಂಚನೆ. ಕೆಟ್ಟ ಪದಗಳನ್ನು ಎಣಿಸಲು ಹೊರಟವರ ಕಣ್ಣಿಗೆ ಈ ದೋಷ ಬೀಳಲಿಲ್ಲ. ಖೋಟಾ ನೋಟನ್ನು ಕೈಗೆತ್ತಿಕೊಂಡು, ಅದಕ್ಕೆ ಮೆತ್ತಿದ ಕೊಳೆಯನ್ನಷ್ಟೇ ದೂರಿದಂತೆ ಆಯಿತು. ಈ ದಿನಚರಿಯನ್ನು ಬರೆದವರು ಯಾರು, ನಮಗೆ ಹೇಗೆ ಗೊತ್ತು ಎಂದು ಒಬ್ಬ ಉಪಾಧ್ಯಾಯರು ತರಗತಿಯಲ್ಲಿ ಕೇಳಿದ್ದರೆ, ಮಕ್ಕಳಿಗೆ ಪುಸ್ತಕವನ್ನು ಕಿತ್ತುಕೊಳ್ಳುವುದರಿಂದ ದೊರೆಯುವುದಕ್ಕಿಂತ ಹೆಚ್ಚಿನ ರಕ್ಷಣೆ ದೊರೆಯುತ್ತಿತ್ತು.

ಈ ಮೂರೂ ಉದಾಹರಣೆಗಳಲ್ಲಿ ದೋಷ ಒಂದೇ. ಜಮಾಖರ್ಚಿನ ಪುಸ್ತಕದಿಂದ ಒಂದು ಖರ್ಚಿನ ಸಾಲನ್ನು ಕಿತ್ತು ತೋರಿಸಿ, ಪೇಢಿ ಮುಳುಗಿತು ಎನ್ನುವವನನ್ನು ಯಾವ ಲೆಕ್ಕಿಗನೂ ನಂಬಲಾರ. ಎದುರು ಪುಟದ ಜಮೆ ಏನು, ಕೊನೆಗೆ ಉಳಿದ ಶಿಲ್ಕು ಎಷ್ಟು ಎಂದು ಅವನು ಕೇಳುತ್ತಾನೆ. ಕಾವ್ಯಮೀಮಾಂಸೆ ಇದೇ ಮಾತನ್ನು ಔಚಿತ್ಯವೆಂಬ ಹೆಸರಿನಿಂದ ಹೇಳಿದೆ. ಕ್ಷೇಮೇಂದ್ರನ ವಿಚಾರದಲ್ಲಿ ಯಾವ ಪದವೂ ತನ್ನಷ್ಟಕ್ಕೆ ಉಚಿತವಲ್ಲ, ಅನುಚಿತವೂ ಅಲ್ಲ. ಸ್ಥಾನದಿಂದ ಅದು ಹಾಗಾಗುತ್ತದೆ. ಸ್ಥಾನದಿಂದ ಕಿತ್ತ ಪದಕ್ಕೆ ಔಚಿತ್ಯದ ವಿಚಾರವೇ ಅನ್ವಯಿಸದು.

ಹಾಗಾದರೆ ಪಾಲಕರಿಗೆ ಯಾವ ಅಧಿಕಾರವೂ ಇಲ್ಲವೇ? ಇದೆಯೆಂದೇ ಹೇಳಬೇಕು. ಈ ಮಾತನ್ನು ವಿಚಾರಸ್ವಾತಂತ್ರ್ಯದ ಪಕ್ಷದವರು ಸಾಮಾನ್ಯವಾಗಿ ಹಗುರವಾಗಿ ಕಾಣುತ್ತಾರೆ. ಉಪಾಧ್ಯಾಯನಿಗೆ ತರಗತಿ ಗೊತ್ತು; ತಾಯಿಗೆ ಮಗು ಗೊತ್ತು. ಯಾವ ಮಗು ರಾತ್ರಿ ಬೆಚ್ಚಿ ಏಳುತ್ತದೆ, ಯಾವುದರ ಮನೆಯಲ್ಲಿ ಇತ್ತೀಚೆಗೆ ಸಾವಾಗಿದೆ ಎಂಬುದು ಪಠ್ಯಕ್ರಮ ಸಮಿತಿಗೆ ತಿಳಿಯದು. ಔಚಿತ್ಯವು ಕೃತಿಗೆ ಸಂಬಂಧಿಸಿದಂತೆಯೇ ಅಧಿಕಾರಿಗೂ, ಎಂದರೆ ಓದುವವನ ಯೋಗ್ಯತೆಗೂ ಸಂಬಂಧಿಸಿದುದು. ನಮ್ಮ ಪಂಡಿತರೂ ಅಮೃತಮತಿಯ ಪ್ರಸಂಗವನ್ನು ಎಲ್ಲ ತರಗತಿಗಳಿಗೂ ಒಂದೇ ಬಗೆಯಾಗಿ ಪಾಠ ಹೇಳಲಿಲ್ಲ. ಜನ್ನನ ಕಾವ್ಯವನ್ನು ಅವರು ಸುಡಲೂ ಇಲ್ಲ.

2025ರ ಜೂನ್ 27ರಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಮೇರಿಲ್ಯಾಂಡ್ ಸಂಸ್ಥಾನದ ಮಾಂಟ್‌ಗೊಮರಿ ಕೌಂಟಿಯ ಪ್ರಕರಣದಲ್ಲಿ ಕೊಟ್ಟ ತೀರ್ಪು ಈ ದೃಷ್ಟಿಯಿಂದ ಗಮನಾರ್ಹ. ಸಲಿಂಗಪ್ರೇಮ ಮೊದಲಾದ ವಿಷಯಗಳಿದ್ದ ಕಥೆಪುಸ್ತಕಗಳನ್ನು ಅಲ್ಲಿಯ ಶಾಲೆಗಳು ಚಿಕ್ಕ ಮಕ್ಕಳ ತರಗತಿಗಳಿಗೆ ತಂದಿದ್ದವು. ಮುಸಲ್ಮಾನ ಹಾಗೂ ಕ್ರೈಸ್ತ ಪಾಲಕರು ಕೇಳಿದ್ದು ಪುಸ್ತಕಗಳ ನಿಷೇಧವನ್ನಲ್ಲ. ಆ ಪಾಠದ ಹೊತ್ತಿಗೆ ತಮ್ಮ ಮಕ್ಕಳನ್ನು ಹೊರಗಿರಿಸುವ ಅವಕಾಶವನ್ನು. ಮೊದಲಿದ್ದ ಆ ಅವಕಾಶವನ್ನು ಶಾಲಾ ಮಂಡಳಿ 2023ರಲ್ಲಿ ರದ್ದುಗೊಳಿಸಿತ್ತು. ಆರಕ್ಕೆ ಮೂರು ಮತಗಳಿಂದ ನ್ಯಾಯಾಲಯವು, ಮೊಕದ್ದಮೆ ಮುಗಿಯುವವರೆಗೆ ಆ ಅವಕಾಶ ಕೊಡಬೇಕೆಂದಿತು. ಇದರಿಂದ ಶಾಲೆಗಳು ತೊಡಕಿಗೆ ಅಂಜಿ ಅಂಥ ಪುಸ್ತಕಗಳನ್ನೇ ಕೈಬಿಡಬಹುದೆಂದು ಭಿನ್ನಮತದ ನ್ಯಾಯಮೂರ್ತಿಗಳು ಎಚ್ಚರಿಸಿದರು. ಆ ಎಚ್ಚರಿಕೆಯಲ್ಲಿ ತಥ್ಯವಿದೆ. ಆದರೂ ಐಲೆಂಡ್ ಟ್ರೀಸಿನ ಬೇಡಿಕೆಗೂ ಈ ಬೇಡಿಕೆಗೂ ಇರುವ ಅಂತರವನ್ನು ಮರೆಯಲಾಗದು. ನನ್ನ ಮಗುವಿಗೆ ಇದು ಬೇಡ ಎನ್ನುವುದು ಪಾಲಕನ ಮಾತು. ಯಾರ ಮಗುವಿಗೂ ಇದು ಬೇಡ ಎನ್ನುವುದು ಅರಸನ ಮಾತು. ಮೊದಲನೆಯದನ್ನು ಹೇಳಲು ತನ್ನ ಮಗುವನ್ನು ಬಲ್ಲವನಾದರೆ ಸಾಕು. ಎರಡನೆಯದನ್ನು ಹೇಳಹೊರಟವನು ಪುಸ್ತಕವನ್ನು ಆದ್ಯಂತ ಓದಿ, ಅದು ಎಲ್ಲರಿಗೂ ಅಯೋಗ್ಯವೆಂದು ಸಾಧಿಸಬೇಕು. ಆ ಸಾಧನೆಯ ಶ್ರಮವನ್ನು ಐಲೆಂಡ್ ಟ್ರೀಸಿನ ಮಂಡಳಿ ವಹಿಸಲಿಲ್ಲ. ವಹಿಸಿದವರ ಮಾತನ್ನು ಕೇಳಲೂ ಇಲ್ಲ.

ಇದು ದೂರದೇಶದ ಕಥೆಯೆಂದು ನಾವು ನಿಶ್ಚಿಂತರಾಗುವಂತಿಲ್ಲ. ಮೈಸೂರಿನಲ್ಲಿ ಹುಟ್ಟಿ ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದ ಎ. ಕೆ. ರಾಮಾನುಜನ್ ಅವರ ಮುನ್ನೂರು ರಾಮಾಯಣಗಳನ್ನು ಕುರಿತ ಪ್ರಬಂಧ 1991ರಲ್ಲಿ ಅಚ್ಚಾಯಿತು. ದೆಹಲಿ ವಿಶ್ವವಿದ್ಯಾಲಯದ ಇತಿಹಾಸ ಪಠ್ಯದಲ್ಲಿ ಅದು ಸೇರಿತ್ತು. 2008ರಲ್ಲಿ ಅದನ್ನು ವಿರೋಧಿಸಿ ಇತಿಹಾಸ ವಿಭಾಗದಲ್ಲಿ ದಾಂಧಲೆ ನಡೆಯಿತು. ಮುಂದೆ ನಾಲ್ವರು ತಜ್ಞರ ಅಭಿಪ್ರಾಯ ಕೇಳಲಾಯಿತು. ಮೂವರು ಪ್ರಬಂಧದ ಪರವಾಗಿ ಹೇಳಿದರು. ಆದರೂ 2011ರ ಅಕ್ಟೋಬರಿನಲ್ಲಿ ವಿದ್ವತ್ ಪರಿಷತ್ತು ಅದನ್ನು ಪಠ್ಯದಿಂದ ತೆಗೆದುಹಾಕಿತು. ಓದಿದವರ ವರದಿ ಬದಿಗೆ ಸರಿದು ಓದದವರ ಗದ್ದಲ ಗೆದ್ದ ಕ್ರಮ ಐಲೆಂಡ್ ಟ್ರೀಸಿನದೇ. ಇಲ್ಲಿ ಎದುರಾಳಿಗಳು ಪಾಲಕರಲ್ಲ, ಓದುಗರೂ ಎಳೆಯ ಮಕ್ಕಳಲ್ಲ ಎಂಬುದಷ್ಟೇ ಭೇದ.

ಆ ಪ್ರಬಂಧದಲ್ಲಿ ಕನ್ನಡದ ಜನಪದ ರಾಮಾಯಣವೊಂದರ ಪ್ರಸ್ತಾಪವಿದೆ. ಮಾವಿನ ಹಣ್ಣು ತಿಂದು ತಾನೇ ಗರ್ಭ ಧರಿಸಿದ ರಾವಣ ಒಂಬತ್ತನೆಯ ದಿನ ಸೀನುತ್ತಾನೆ. ಆ ಸೀನಿನಿಂದ ಹುಟ್ಟಿದವಳು ಸೀತೆ. ಸೀತ ಎಂದರೆ ಸೀನಿದ ಎಂಬುದು ಕನ್ನಡದ ಶ್ಲೇಷೆ. ರಾವಣನ ಮೂಗಿನಿಂದ ಸೀತೆ ಹುಟ್ಟಿದಳೆಂದು ಬೇರೆ ಭಾಷೆಯಲ್ಲಿ ಒಂದು ಸಾಲು ಬರೆದು ತೋರಿಸಿದರೆ ಅದು ಅವಹೇಳನವೆಂದೇ ತೋರೀತು. ಕನ್ನಡ ಬಲ್ಲವನಿಗೆ ಮಾತ್ರ ಅದರಲ್ಲಿ ನಾಲಗೆಯ ಆಟ ಕೇಳಿಸುತ್ತದೆ. ಆ ಆಟದ ಹಿಂದೆ, ತನ್ನ ಮಗಳನ್ನೇ ಅರಿಯದೆ ಬಯಸಿ ಅಳಿದವನ ದುರಂತವೂ ಕಾಣಿಸುತ್ತದೆ. ಅಕ್ಷರ ಕಲಿಯಲು ಅವಕಾಶವೇ ಇಲ್ಲದವರು ತಲೆಮಾರುಗಳಿಂದ ಹಾಡಿಕೊಂಡು ಬಂದ ಭಕ್ತಿಯ ಕಥೆ ವಿಶ್ವವಿದ್ಯಾಲಯದ ಬಾಗಿಲಲ್ಲಿ ಹೀಗೆ ಅಪರಾಧವಾಯಿತು.

ಹೊರನಾಡಿನ ಕನ್ನಡಿಗರಾದ ನಮಗೆ ಇದರಲ್ಲಿ ಒಂದು ವಿಶೇಷವಾದ ಪಾಠವಿದೆ. ನಮ್ಮ ಮಕ್ಕಳು ಶಾಲೆಯಲ್ಲಿ ಓದುವುದು ಹೆಚ್ಚಾಗಿ ಇಂಗ್ಲಿಷ್, ಹಿಂದಿ, ಮರಾಠಿ, ತಮಿಳು, ತೆಲುಗು ಪುಸ್ತಕಗಳನ್ನು. ಅವುಗಳ ಬಗೆಗೆ ನಾವು ಆಕ್ಷೇಪಣೆ ಎತ್ತುವುದು ಕಡಿಮೆ. ಉದಾರತೆಗಿಂತ ಅನಾಸ್ಥೆಯೇ ಅದಕ್ಕೆ ಕಾರಣವಾಗಿರುವುದು ಹೆಚ್ಚು. ಆಕ್ಷೇಪಿಸುವ ಪಾಲಕನು ಒಂದು ಪುಟವನ್ನಾದರೂ ತೆರೆದಿದ್ದಾನೆ. ಮಗುವಿನ ಚೀಲದಲ್ಲಿ ಯಾವ ಪುಸ್ತಕವಿದೆಯೆಂದು ನೋಡದವನಿಗಿಂತ ಅವನು ಒಂದು ಮೆಟ್ಟಿಲು ಮೇಲೆ. ಕನ್ನಡದ ವಿಷಯದಲ್ಲಿ ನಮ್ಮ ನಡವಳಿಕೆ ಬೇರೆ. ಪ್ರಾರ್ಥನಾಗೀತೆ, ಕಂಠಪಾಠಕ್ಕೆ ಒಗ್ಗುವ ನಾಲ್ಕು ವಚನ, ರಾಜ್ಯೋತ್ಸವದ ಹಾಡು ಇಷ್ಟನ್ನು ಕನ್ನಡವೆಂದು ಮಕ್ಕಳ ಕೈಗಿಡುತ್ತೇವೆ. ಜಗಳವಾಡುವ ಕನ್ನಡ, ನಗುವ ಕನ್ನಡ, ಜಾತಿಯ ಹುಣ್ಣನ್ನು ಬಿಚ್ಚಿ ತೋರಿಸುವ ಕನ್ನಡ ಅವರ ಕಿವಿಗೆ ಬೀಳುವುದಿಲ್ಲ. ಯಾವ ಮಂಡಳಿಯ ಆಜ್ಞೆಯೂ ಇಲ್ಲದೆ, ಮರ್ಯಾದೆಯ ಹೆಸರಿನಲ್ಲಿ ನಡೆಯುವ ಈ ತೆಗೆದಿರಿಸುವಿಕೆಯನ್ನು ಪ್ರಶ್ನಿಸಲು ನ್ಯಾಯಾಲಯವೂ ಇಲ್ಲ. ಹೀಗೆ ಬೆಳೆದ ಮಗು ಕನ್ನಡವೆಂದರೆ ಪೂಜೆಯ ದಿನ ಉಡುವ ಮಡಿಬಟ್ಟೆಯೆಂದು ಭಾವಿಸಿ, ಬದುಕಿನ ಮಾತಿಗೆ ಬೇರೆ ಭಾಷೆಯನ್ನು ಅರಸಿಕೊಂಡು ಹೋದರೆ ಅದು ಅದರ ತಪ್ಪಲ್ಲ.

ಆದ್ದರಿಂದ ಪುಸ್ತಕದ ಬಗೆಗೆ ಶಂಕೆ ಬಂದ ಪಾಲಕನು ಮಾಡಬೇಕಾದ ಮೊದಲ ಕೆಲಸ ಅದನ್ನು ಮೊದಲಿನಿಂದ ಕೊನೆಯವರೆಗೆ ಓದುವುದು. ಎರಡನೆಯದು, ಅದನ್ನು ಏಕೆ ಆರಿಸಿದಿರೆಂದು ಉಪಾಧ್ಯಾಯರನ್ನು ಕೇಳುವುದು. ಮೂರನೆಯದು, ಮಗುವಿನ ಜೊತೆ ಕುಳಿತು ಆ ವಿಷಯವನ್ನು ಮಾತನಾಡುವುದು. ಇಷ್ಟಾದಮೇಲೂ ಅದು ತನ್ನ ಮಗುವಿಗೆ ತಕ್ಕುದಲ್ಲವೆಂದು ಅವನಿಗೆ ತೋರಿದರೆ ಆ ಮಾತಿಗೆ ಶಾಲೆ ಮನ್ನಣೆ ಕೊಡಲೇಬೇಕು. ಉಪಾಧ್ಯಾಯರೂ ತಮ್ಮ ಆಯ್ಕೆಗೆ ಕಾರಣ ಹೇಳಲು ಸಿದ್ಧರಿರಬೇಕು. ಕಾರಣ ಕೇಳಿದ್ದನ್ನು ಅವಮಾನವೆಂದು ಎಣಿಸಬಾರದು. ನೆರೆಮನೆಯ ಮಗುವಿನ ಪುಸ್ತಕವನ್ನು ಮುಚ್ಚುವ ಅಧಿಕಾರ ಮಾತ್ರ ಯಾವ ಪಾಲಕನಿಗೂ ಇಲ್ಲ. ಆ ಮನೆಯಲ್ಲಿಯೂ ಓದಬಲ್ಲ ತಂದೆತಾಯಿಗಳು ಇದ್ದಾರೆ.