ಬಾಗುವ ರೇಖೆಯ ಬೆಡಗು

ಲೌರಿ ವಿಧಾನದಲ್ಲಿ ಪ್ರೋಟೀನ್ ಅಳೆಯುವಾಗ ಹುಟ್ಟುವ ನೀಲಿಯ ಮೇಲೆ ನನಗೆ ತೀರದ ಮೋಹ. ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿರುವ ಕುವೆಂಪು ವಿಶ್ವವಿದ್ಯಾಲಯದ ಜ್ಞಾನಸಹ್ಯಾದ್ರಿಯಲ್ಲಾಗಲಿ, ಬೇರೆಲ್ಲೇ ಆಗಲಿ, ಜೀವರಸಾಯನಶಾಸ್ತ್ರ ಓದಿದವರಿಗೆ ಈ ನೀಲಿಯ ಪರಿಚಯ ಇದ್ದೇ ಇರುತ್ತದೆ. ಸ್ಟ್ಯಾಂಡಿನಲ್ಲಿ ಸಾಲಾಗಿ ಪ್ರನಾಳಗಳು. ಮೊದಲನೆಯದು ಬ್ಲಾಂಕ್, ಅದರಲ್ಲಿ ಪ್ರೋಟೀನ್ ಒಂದನ್ನು ಬಿಟ್ಟು ಉಳಿದದ್ದೆಲ್ಲ ಉಂಟು. ಮುಂದಿನವುಗಳಲ್ಲಿ ತೂಗಿ ಕರಗಿಸಿದ ಹಸುವಿನ ಸೀರಮ್ ಆಲ್ಬುಮಿನ್, ಹಂತಹಂತವಾಗಿ ಏರುತ್ತ ಹೋಗುತ್ತದೆ. ಕ್ಷಾರದಲ್ಲಿ ಬೆರೆಸಿದ ತಾಮ್ರ ಹಾಕಿ 10 ನಿಮಿಷ. ಆಮೇಲೆ ಫೋಲಿನ್ ದ್ರಾವಣ. ಅದು ಬಿದ್ದ ಕ್ಷಣವೇ ಕಲಕಬೇಕು, ತಡಮಾಡಿದರೆ ಅದರ ಕಸುವು ಇಳಿದುಹೋಗುತ್ತದೆ. ಮತ್ತೆ ಅರ್ಧ ಗಂಟೆ. ತೆಗೆದು ನೋಡಿದರೆ ತೆಳ್ಳನೆಯ ನೀಲಿ, ಅದರ ಪಕ್ಕ ತುಸು ಮಾಗಿದ ನೀಲಿ, ಕೊನೆಯಲ್ಲಿ ದಟ್ಟ, ತುಂಬು, ಕಡುನೀಲಿ.

ಆಲಿವರ್ ಲೌರಿ ಮತ್ತು ಸಂಗಡಿಗರು 1951ರಲ್ಲಿ ಪ್ರಕಟಿಸಿದ ಈ ವಿಧಾನದ ಲೇಖನವನ್ನು ವಿಜ್ಞಾನಿಗಳು 3 ಲಕ್ಷಕ್ಕೂ ಹೆಚ್ಚು ಸಲ ಉಲ್ಲೇಖಿಸಿದ್ದಾರೆ. ವಿಜ್ಞಾನದ ಇನ್ನಾವ ಲೇಖನಕ್ಕೂ ಇಂಥ ಮನ್ನಣೆ ದಕ್ಕಿಲ್ಲ.

ಕಣ್ಣಿಗೆ ಬಣ್ಣ ಸಾಕು. ಮನಸ್ಸಿನ ಹಬ್ಬ ಇನ್ನು ಶುರು. ಕಲರಿಮೀಟರಿನಲ್ಲಿ 660 ನ್ಯಾನೊಮೀಟರಿಗೆ ಓದು ತೆಗೆದು, ಬ್ಲಾಂಕಿನದನ್ನು ಕಳೆದು, ಗ್ರಾಫ್ ಹಾಳೆಯಲ್ಲಿ ಚುಕ್ಕಿ ಇಡುತ್ತ ಹೋಗಿ. ಮೊದಲ ಚುಕ್ಕಿಗಳು ನೆಟ್ಟಗೆ ಏರುತ್ತವೆ. ಮೇಲೆ ಹೋದಂತೆ ಸಾಲು ಮೆಲ್ಲಗೆ, ಬಲು ಮೆಲ್ಲಗೆ, ಬಾಗತೊಡಗುತ್ತದೆ. ಸ್ಕೇಲ್ ಇಟ್ಟು ಸರಳರೇಖೆ ಎಳೆದರೂ ಲೆಕ್ಕ ಮೇಲುನೋಟಕ್ಕೆ ಸೊಗಸಾಗಿಯೇ ಕಾಣುತ್ತದೆ. ಆದರೆ ಪ್ರತಿ ಚುಕ್ಕಿಯೂ ರೇಖೆಯಿಂದ ಎಷ್ಟು ದೂರ ಉಳಿಯಿತೆಂದು ಬೇರೆಯಾಗಿ ಗುರುತಿಸಿ ನೋಡಿ: ಆ ಶೇಷಗಳು ಚೆದುರದೆ ಕಮಾನಿನಂತೆ ನಿಲ್ಲುತ್ತವೆ. ನಡುವಿನ ಮಾದರಿಗಳಲ್ಲಿ ಪ್ರೋಟೀನ್ ಇದ್ದದ್ದಕ್ಕಿಂತ ಹೆಚ್ಚು, ಎರಡು ತುದಿಗಳಲ್ಲಿ ಕಡಿಮೆ ಎಂದು ಸರಳರೇಖೆ ಹೇಳುತ್ತಿರುತ್ತದೆ. ಅದೇ ಚುಕ್ಕಿಗಳಿಗೆ ವರ್ಗಪದ ಸೇರಿಸಿದ ಸಮೀಕರಣ ಕೊಟ್ಟಾಗ ಕಮಾನು ಕರಗಿ, ಶೇಷಗಳು ಸೊನ್ನೆಯ ಆಚೀಚೆ ಹಗುರಾಗಿ ಚೆದುರುತ್ತವೆ. ಆ ಚೆದುರುವಿಕೆಯನ್ನು ನೋಡಿದಷ್ಟೂ ನನಗೆ ತಣಿವಿಲ್ಲ. ರೇಖೆ ಪದಾರ್ಥದ ಸ್ವಭಾವಕ್ಕೆ ಒಪ್ಪಿಕೊಂಡಿತು ಎಂಬುದಕ್ಕೆ ಅದೇ ಗುರುತು.

ಇನ್ನು ಅಳೆಯಬೇಕಾದ ಮಾದರಿ. ಅದರ ಓದು ಕೊನೆಯ ಚುಕ್ಕಿಯನ್ನೂ ದಾಟಿದರೆ ನುರಿತ ಕೈ ರೇಖೆಯನ್ನು ಮುಂದಕ್ಕೆ ಎಳೆಯುವುದಿಲ್ಲ. ಮಾದರಿಯನ್ನು ತೆಳುಮಾಡಿ, ಹೊಸದಾಗಿ ಬಣ್ಣ ಕಟ್ಟಿಸಿ, ಬಂದ ಉತ್ತರವನ್ನು ತೆಳುಮಾಡಿದಷ್ಟರಿಂದ ಗುಣಿಸುತ್ತದೆ. ಗೊತ್ತಿರುವುದರ ಎಲ್ಲೆಯೊಳಗೇ ಗೊತ್ತಿಲ್ಲದ್ದನ್ನು ಕರೆತಂದು ಕೂರಿಸುವ ಈ ಸಂಯಮ ಎಷ್ಟು ಚೆಲುವು!

ಇದೇ ಕಸುಬು ಪ್ರತಿಕಾಯಗಳ ನೆರವಿನಿಂದ ಅಳೆಯುವ ಎಲೈಸಾ ಪರೀಕ್ಷೆಯಲ್ಲಿ ಇನ್ನಷ್ಟು ನವಿರಾಗುತ್ತದೆ. ಅಲ್ಲಿ ರೇಖೆ ಕೆಳಗೆ ಮಲಗಿ, ನಡುವೆ ಜಿಗಿದು, ಮೇಲೆ ಮತ್ತೆ ಮಲಗುತ್ತದೆ. ನೆಲ, ಮಾಡು, ನಡುಬಿಂದು, ಏರಿನ ಕಡಿದು: ಈ ನಾಲ್ಕೇ ಸಂಖ್ಯೆಗಳಲ್ಲಿ ಇಡೀ ಬಳುಕು ಹಿಡಿಸಿಬಿಡುತ್ತದೆ. ಶಿವಮೊಗ್ಗದವರಿಗೆ ಎಲೈಸಾ ದೂರದ ಮಾತಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆಯ ಪತ್ತೆಗೂ ಅದು ಒದಗುತ್ತದೆ. ಉಣುಗು ಕಚ್ಚಿ ಜ್ವರ ಬಂದವರ ರಕ್ತದಲ್ಲಿ ಹುಡುಕುವ ಐಜಿಎಂ ಪ್ರತಿಕಾಯವೂ ಒಂದು ಪ್ರೋಟೀನೇ. ಅಲ್ಲಿ ಬೇಕಾದದ್ದು ಹೌದು ಅಥವಾ ಇಲ್ಲ ಎಂಬ ಉತ್ತರ. ಸೋಂಕಿಲ್ಲದವರ ಸೀರಮ್ಮಿನ ಓದು ಪಕ್ಕದಲ್ಲಿದ್ದರೇ ಆ ಉತ್ತರಕ್ಕೆ ಬೆಲೆ.

ನಿಮ್ಮ ಮನೆಯ ರಕ್ತಪರೀಕ್ಷೆಯ ವರದಿಯಲ್ಲಿ ‘ಟೋಟಲ್ ಪ್ರೋಟೀನ್’ ಎಂಬ ಸಾಲು ಇದ್ದರೆ ಒಮ್ಮೆ ಸಾವಕಾಶವಾಗಿ ಓದಿ. ಡೆಸಿಲೀಟರಿಗೆ 6ರಿಂದ 8 ಗ್ರಾಂ ಆರೋಗ್ಯವಂತರ ಆಸುಪಾಸು. ಸಾಮಾನ್ಯವಾಗಿ ಅದು ಬೈಯುರೆಟ್ ವಿಧಾನದ ನೇರಳೆ ಬಣ್ಣದಿಂದ ಬಂದ ಅಂಕಿ. ಅದರ ಬೆನ್ನಿಗೆ ಒಂದು ಬ್ಲಾಂಕ್, ತೂಕ ಗೊತ್ತಿರುವ ಒಂದು ಪ್ರೋಟೀನ್, ಒಪ್ಪವಾಗಿ ಕೂತ ಒಂದು ರೇಖೆ ನಿಂತಿವೆ. ಒಂಟಿ ಅಂಕಿಗೆ ಅರ್ಥ ಬರುವುದು ಈ ಬಳಗದಿಂದಲೇ.