ದೊಡ್ಡ ಗಾಳಿಪಟ: ನೋಡುವ ಕಣ್ಣು, ಹಿಡಿಯುವ ಕೈ

ಜನವರಿ ಬಂತೆಂದರೆ ಬೆಳಗಾವಿಯ ಜನ ಮಕ್ಕಳು ಮರಿ ಕಟ್ಟಿಕೊಂಡು ಮಾಲಿನಿ ಸಿಟಿ ಮೈದಾನದ ದಾರಿ ಹಿಡಿಯುತ್ತಾರೆ. ಅಲ್ಲಿ ನಡೆಯುವ ಅಂತರರಾಷ್ಟ್ರೀಯ ಗಾಳಿಪಟ ಉತ್ಸವದಲ್ಲಿ ಕಡ್ಡಿಯಿಲ್ಲದ, ಬರೀ ಬಟ್ಟೆಯ ದೈತ್ಯ ಪಟಗಳು ಮೇಲೇಳುತ್ತವೆ. ತಲೆಯೆತ್ತಿ ನೋಡಿ ಖುಷಿಪಟ್ಟು ಬರುವುದು ಒಂದು ಬಗೆ. ಅಷ್ಟು ಬಟ್ಟೆಯನ್ನು ಗಾಳಿಗೊಡ್ಡಿ ಮತ್ತೆ ಯಾರಿಗೂ ನೋವಾಗದಂತೆ ನೆಲಕ್ಕಿಳಿಸುವ ಕಸುಬನ್ನು ತಿಳಿದು ನೋಡುವುದು ಇನ್ನೊಂದು. ಈ ಬರಹ ಎರಡನೆಯ ಬಗೆಯವರಿಗೆ. ಮುಂದೊಂದು ದಿನ ಆಳನ್ನೇ ಎಳೆದೊಯ್ಯುವ ಪಟವನ್ನು ತಾವೇ ಹಾರಿಸಬೇಕೆಂಬ ಆಸೆಯಿರುವವರಿಗೂ ಇಲ್ಲಿಂದಲೇ ಶುರು. ಮೊದಲಿಗೇ ಹೇಳಿಬಿಡುತ್ತೇನೆ: ಈ ವಿದ್ಯೆಯ ಹೆಚ್ಚುಗಾರಿಕೆ ಎಳೆತವನ್ನು ತಡೆದು ನಿಲ್ಲುವುದರಲ್ಲಿಲ್ಲ, ಬೇಕೆಂದಾಗ ಅದನ್ನು ಬಿಟ್ಟುಕೊಡುವುದರಲ್ಲಿದೆ.

ಸೂತ್ರದ ಗುಟ್ಟು

ಬೆಳಗಾವಿಯ ಶಹಾಪುರದ ಗಲ್ಲಿಯಲ್ಲಿ ಪತಂಗ ಹಾರಿಸುವ ಹುಡುಗನಿಗೂ ಸೂತ್ರ ಕಟ್ಟುವುದು ಗೊತ್ತು. ಗಾಳಿ ಜೋರಾಗಿದ್ದರೆ ಸೂತ್ರದ ಮೇಲಿನ ದಾರವನ್ನು ತುಸು ಗಿಡ್ಡ ಮಾಡುತ್ತಾನೆ. ಆಗ ಪಟ ಗಾಳಿಗೆ ಎದೆಯೊಡ್ಡುವ ಬದಲು ಮೂಗು ಚಾಚುತ್ತದೆ, ಎಳೆತ ಇಳಿಯುತ್ತದೆ. ಆದರೆ ಅವನು ಅದನ್ನು ನೆಲದ ಮೇಲೆಯೇ ಮಾಡಬೇಕು. ಪಟ ಮೇಲೇರಿದ ಮೇಲೆ ಸೂತ್ರ ಬದಲಿಸಲು ಬರುವುದಿಲ್ಲ.

ಆಳನ್ನು ಎಳೆಯುವ ಡಿಪವರ್ ಕೈಟ್ ಎನ್ನುವುದು ಹಾರಾಟದ ನಡುವೆಯೇ ಸೂತ್ರ ಬದಲಿಸಬಲ್ಲ ಪಟ. ಇದಕ್ಕೆ ಸಾಮಾನ್ಯವಾಗಿ ನಾಲ್ಕು ದಾರ, 20ರಿಂದ 25 ಮೀಟರ್ ಉದ್ದ. ಮುಂದಿನ ಎರಡು ದಾರ ಪಟದ ಮುಂದಂಚಿಗೆ, ಹಿಂದಿನ ಎರಡು ಹಿಂದಂಚಿಗೆ. ಮುಂದಿನವು ಸೊಂಟದ ಹಾರ್ನೆಸ್‌ಗೆ ಸೇರಿ ಹೆಚ್ಚಿನ ಭಾರ ಹೊರುತ್ತವೆ. ಹಿಂದಿನವು ಕೈಯಲ್ಲಿರುವ ಬಾರ್‌ನ ಎರಡು ತುದಿಗೆ ಕಟ್ಟಿರುತ್ತವೆ. ಬಾರ್ ಅನ್ನು ಮೈಕಡೆ ಎಳೆದುಕೊಂಡರೆ ಪಟದ ಹಿಂಭಾಗ ಬಿಗಿದು ಎಳೆತ ಏರುತ್ತದೆ. ದೂರ ತಳ್ಳಿದರೆ ಹಿಂಭಾಗ ಸಡಿಲಿ ಎಳೆತ ಇಳಿಯುತ್ತದೆ. ಒಂದು ಬದಿ ಎಳೆದರೆ ಪಟ ಆ ಬದಿಗೆ ತಿರುಗುತ್ತದೆ.

ಇಷ್ಟಕ್ಕೆ ಬರಲು ಬಹಳ ಕಾಲ ಹಿಡಿಯಿತು. ಇಂಗ್ಲೆಂಡಿನ ಬ್ರಿಸ್ಟಲ್‌ನ ಶಾಲಾ ಮೇಷ್ಟ್ರು ಜಾರ್ಜ್ ಪೋಕಾಕ್ 1826ರಲ್ಲೇ ಗಾಳಿಪಟ ಎಳೆಯುವ ಗಾಡಿಗೆ ಪೇಟೆಂಟ್ ಪಡೆದಿದ್ದ. 1960ರ ದಶಕದಲ್ಲಿ ಡೊಮಿನಾ ಜಾಲ್ಬರ್ಟ್ ಕಡ್ಡಿಯ ಹಂಗಿಲ್ಲದೆ, ಬಟ್ಟೆಯ ಕೋಶಗಳಲ್ಲಿ ಗಾಳಿ ತುಂಬಿಯೇ ಆಕಾರ ತಾಳುವ ಪ್ಯಾರಾಫಾಯಿಲ್ ರೂಪಿಸಿದ. 1984ರಲ್ಲಿ ಫ್ರಾನ್ಸಿನ ಲೆಗೆನ್ಯೂ ಸಹೋದರರು ನೀರಿನ ಮೇಲೆ ಬಳಸಲು ಉಬ್ಬುವ ಪಟಕ್ಕೆ ಪೇಟೆಂಟ್ ಕೋರಿದರು. ಉತ್ಸವದಲ್ಲಿ ಕಾಣುವ ಮೃದು ಪಟಗಳೂ ಆಳನ್ನು ಎಳೆಯುವ ಫಾಯಿಲ್ ಪಟಗಳೂ ಒಳಗೆ ನುಗ್ಗಿದ ಗಾಳಿಯಿಂದಲೇ ಮೈದುಂಬಿಕೊಳ್ಳುವಂಥವು.

ಗಾಳಿಯ ಗೋಳ

ಗಾಳಿಗೆ ಬೆನ್ನು ಮಾಡಿ ನಿಲ್ಲಿ. ಎಡಗೈ ಕಡೆಯ ನೆಲದಿಂದ ನೆತ್ತಿಯ ಮೇಲಾಗಿ ಬಲಗೈ ಕಡೆಯ ನೆಲದವರೆಗೆ ಒಂದು ಕಮಾನು ಊಹಿಸಿಕೊಳ್ಳಿ. ಆ ಕಮಾನಿನಿಂದ ಮುಂದಕ್ಕೆ, ಗಾಳಿ ಬೀಸಿ ಹೋಗುವ ದಿಕ್ಕಿಗೆ, ಕಾಲು ಗೋಳದಷ್ಟು ಜಾಗವೇ ಪಟದ ಅಂಗಳ. ಅಂಚಿನಲ್ಲಿ ಪಟ ಸೌಮ್ಯ, ಎಳೆತ ಕಡಿಮೆ. ನಿಮ್ಮ ನೇರ ಎದುರಿಗೆ, ಕೆಳಮಟ್ಟದಲ್ಲಿ, ಅದರ ಪೂರ್ಣ ಬಲ. ಪಟ ಅಂಚಿನಿಂದ ನಡುವಿಗೆ ಧುಮುಕಿದಾಗ ತನ್ನ ಓಟದಿಂದಲೇ ಗಾಳಿಯ ವೇಗ ಹೆಚ್ಚಿಸಿಕೊಳ್ಳುತ್ತದೆ. ಹೊಸಬರು ನೆಲದಿಂದ ಹಾರಿ ಬೀಳುವುದು ಹೆಚ್ಚಾಗಿ ಇಂಥ ಗಳಿಗೆಯಲ್ಲೇ.

ಗಾಳಿಯ ವೇಗ ಇಮ್ಮಡಿಯಾದರೆ ಬಲ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 15 ಕಿಲೋಮೀಟರ್ ಗಾಳಿಯಲ್ಲಿ ಕೈಗೆ ಹಿತವಾಗಿದ್ದ ಪಟ 30ರಲ್ಲಿ ಬೇರೆಯೇ ಪ್ರಾಣಿ. ಆದ್ದರಿಂದ ನುರಿತವರು ಪಟವನ್ನು ಅಂಚಿನಲ್ಲೇ ಏರಿಸುತ್ತಾರೆ, ಅಂಚಿನಲ್ಲೇ ಇಳಿಸುತ್ತಾರೆ.

ಖಾನಾಪುರದಲ್ಲಿ ಗಾಳಿ ಓದುವುದು

ಕಣ್ಣು ಪಳಗಿಸಲು ಬೆಳಗಾವಿ ಪಕ್ಕದ ಖಾನಾಪುರ ತಾಲ್ಲೂಕಿಗಿಂತ ಒಳ್ಳೆಯ ಪಾಠಶಾಲೆ ಬೇಡ. ಊರ ಬದಿಯ ಮಲಪ್ರಭೆಯ ನೀರ ಮೇಲಿನ ಕಿರುತೆರೆ, ಒಲೆಯ ಹೊಗೆ ವಾಲುವ ದಿಕ್ಕು, ಹುಲ್ಲು ಒಮ್ಮೆ ಮಲಗಿ ಒಮ್ಮೆ ಏಳುವ ರೀತಿ, ಎಲ್ಲವೂ ಗಾಳಿಯ ಸುದ್ದಿಯನ್ನೇ ಹೇಳುತ್ತವೆ. ಜಾಂಬೋಟಿ, ಕಣಕುಂಬಿಯ ಕಡೆ ಹೋದಂತೆ ಗುಡ್ಡ, ಕಾಡು ಒತ್ತಾಗುತ್ತವೆ. ಅಡ್ಡ ನಿಂತ ಮರ, ದಿಣ್ಣೆಗಳ ಹಿಂದೆ ಗಾಳಿ ಸುರುಳಿ ಸುತ್ತುತ್ತದೆ. ಅವುಗಳ ಎತ್ತರದ ಏಳೆಂಟು ಪಟ್ಟು ದೂರದವರೆಗೂ ಅದನ್ನು ನಂಬಬಾರದು. ಅಲ್ಲಿ ಪಟ ಇದ್ದಕ್ಕಿದ್ದಂತೆ ಸೊರಗಿ, ಮರುಗಳಿಗೆ ಸಿಡಿದೇಳುತ್ತದೆ. ಮುಂಗಾರಿನ ಪಡುವಣ ಗಾಳಿಯ ಆರ್ಭಟ ನೋಡುವುದಕ್ಕೆ ಚೆಂದ, ಕಲಿಯುವುದಕ್ಕಲ್ಲ.

ಭತ್ತ ಕೊಯ್ದ ಗದ್ದೆ ದೂರದಿಂದ ಒಳ್ಳೆಯ ಬಯಲಿನಂತೆ ಕಾಣುತ್ತದೆ. ಹತ್ತಿರ ಹೋಗಿ ನೋಡಿ: ಮೊಣಕಾಲೆತ್ತರದ ಬದು, ಚೂಪಾದ ಕೂಳೆ, ಒಣಗಿ ಕಲ್ಲಾದ ಹೆಂಟೆ. ಪಟ ಎಳೆದಾಗ ನಾಲ್ಕು ಹೆಜ್ಜೆ ಓಡಬೇಕಾದವನ ಕಾಲು ಮುರಿಯಲು ಒಂದು ಬದು ಸಾಕು. ಮೇಲಾಗಿ ಕೆಲವರು ಅದೇ ಹಸಿಯಲ್ಲಿ ಕಡಲೆಯೋ ಮಸೂರವೋ ಬಿತ್ತಿರುತ್ತಾರೆ. ಹೊಲದವರನ್ನು ಕೇಳದೆ ಕಾಲಿಡಬೇಡಿ.

ಹಿಡಿಯುವ ಮುನ್ನ

ಎರಡು–ಮೂರು ಚದರ ಮೀಟರಿನ ಸಣ್ಣ ಅಭ್ಯಾಸದ ಪಟದಿಂದ ಶುರುಮಾಡಿ. ಕಣ್ಣು ಪಟದ ಮೇಲಿಲ್ಲದಿದ್ದರೂ ಅದು ಎಲ್ಲಿದೆಯೆಂದು ಕೈಗೆ ಗೊತ್ತಾಗುವವರೆಗೆ ದೊಡ್ಡದಕ್ಕೆ ಹೋಗಬೇಡಿ. ಆಮೇಲೂ ಬಲ್ಲವರ ಜೊತೆಯಲ್ಲೇ ಕಲಿಯಿರಿ. ಹೆಲ್ಮೆಟ್, ಕೈಗವಸು, ಗಟ್ಟಿ ಬೂಟು ಇರಲಿ. ಮುಂದೆ ಕನಿಷ್ಠ ಎರಡು ಮೂರು ದಾರದಷ್ಟು ಉದ್ದ ಬಯಲಿರಲಿ. ವಿದ್ಯುತ್ ತಂತಿ, ರಸ್ತೆ, ದನ ಯಾವುದೂ ಹತ್ತಿರ ಬೇಡ. ಸಾಂಬ್ರಾ ವಿಮಾನ ನಿಲ್ದಾಣದ ಆಸುಪಾಸಂತೂ ಬೇಡವೇ ಬೇಡ.

ಎಳೆತ ಕೈಮೀರಿದರೆ ಮೂರು ಹಂತ ನೆನಪಿಡಿ. ಮೊದಲು ಬಾರ್ ಬಿಡಿ. ಅದು ತಾನಾಗಿ ದೂರ ಸರಿದು ಬಲ ಇಳಿಯುತ್ತದೆ. ಸಾಲದಿದ್ದರೆ ಕ್ವಿಕ್ ರಿಲೀಸ್ ಎಂಬ ತುರ್ತು ಬಿಡುಗಡೆಯ ಕೀಲಿ ಒತ್ತಿ. ಪಟ ಒಂದೇ ದಾರಕ್ಕೆ ಜೋತು ಬಾವುಟದಂತೆ ನೆಲಕ್ಕೆ ಬೀಳುತ್ತದೆ. ಆಗಲೂ ಎಳೆಯುತ್ತಿದ್ದರೆ ಆ ದಾರವನ್ನು ಮೈಗೆ ಸೇರಿಸುವ ಲೀಶ್ ಕೂಡ ಕಳಚಿ, ಪಟವನ್ನೇ ಬಿಟ್ಟುಬಿಡಿ. ಹೆದರಿದ ಕೈ ಬಾರ್ ಅನ್ನು ಇನ್ನಷ್ಟು ಬಿಗಿಹಿಡಿಯುತ್ತದೆ, ಅದರಿಂದ ಬಲ ಇನ್ನೂ ಏರುತ್ತದೆ. ಆದ್ದರಿಂದ ಈ ಮೂರೂ ಹಂತಗಳನ್ನು ಪಟ ಕಟ್ಟದೆಯೇ, ಕಣ್ಣುಮುಚ್ಚಿ ಮಾಡುವಷ್ಟು ರೂಢಿಸಿಕೊಳ್ಳಬೇಕು.

ದಾರವನ್ನು ಕೈಗೆ ಸುತ್ತಿಕೊಳ್ಳಬಾರದು. ಗಾಜು ಹಚ್ಚದ ದಾರವೂ ಬಿಗಿದಾಗ ಕೊಯ್ಯುತ್ತದೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ಪಟ ಕಾಳಗದ ನೈಲಾನ್ ಮಾಂಜಾ ದಾರವನ್ನು ನಿಷೇಧಿಸಿದೆ. ಹಾಗಿದ್ದೂ 2022ರಲ್ಲಿ ಬೆಳಗಾವಿಯಲ್ಲಿ ತಂದೆಯ ಜೊತೆ ಬೈಕಿನಲ್ಲಿದ್ದ ಪುಟ್ಟ ಹುಡುಗನೊಬ್ಬ ಕೊರಳಿಗೆ ಮಾಂಜಾ ಕೊಯ್ದು ತೀರಿಕೊಂಡ. ಗಾಳಿಪಟವನ್ನು ಪ್ರೀತಿಸುವವರು ಆ ದಾರವನ್ನು ಕೊಳ್ಳಲೂಬಾರದು, ಮಾರುವವರನ್ನು ಸುಮ್ಮನೆ ಬಿಡಲೂಬಾರದು.

ಉತ್ಸವದಲ್ಲಿ ಏನು ನೋಡಬೇಕು

ಮೊದಲು ನೆಲ ನೋಡಿ. ದೈತ್ಯ ಪಟದ ದಾರ ಮರಳಿನ ಚೀಲಕ್ಕೋ ವಾಹನಕ್ಕೋ ಬಿಗಿದಿರುತ್ತದೆ. ಅಲ್ಲಿಂದ ಪಟದವರೆಗಿನ ದಾರದ ಕೆಳಗೆ ನಿಲ್ಲಬೇಡಿ. ಆಮೇಲೆ ಮೇಲೆ ನೋಡಿ: ದೊಡ್ಡ ಆಕೃತಿಗಿಂತ ಎತ್ತರದಲ್ಲಿ ಸಾದಾ ಪಟವೊಂದಿದ್ದರೆ, ಹಲವು ಸಲ ಇಡೀ ಆಕೃತಿಯನ್ನು ಎತ್ತಿ ಹಿಡಿದಿರುವುದು ಅದೇ. ನಂತರ ಹಾರಿಸುವವರ ಕಣ್ಣು ನೋಡಿ. ನುರಿತವರು ತಮ್ಮ ಪಟವನ್ನಷ್ಟೇ ನೋಡುವುದಿಲ್ಲ. ಗಾಳಿ ಬರುವ ಕಡೆಗೂ ಆಗಾಗ ತಿರುಗುತ್ತಾರೆ, ಮುಂದಿನ ಬೀಸು ಬರುವ ಮೊದಲೇ ಸಜ್ಜಾಗುತ್ತಾರೆ.

ಗಾಳಿ ಏರುತ್ತಿರುವಾಗ, ಜನ ಇನ್ನೂ ಬೇಕೆನ್ನುತ್ತಿರುವಾಗಲೇ ಪಟ ಇಳಿಸುವವರನ್ನು ಗುರುತಿಟ್ಟುಕೊಳ್ಳಿ. ಏರಿಸುವುದಕ್ಕೆ ಗಾಳಿಯೇ ಅರ್ಧ ಕೆಲಸ ಮಾಡಿಕೊಡುತ್ತದೆ. ಇಳಿಸುವುದು ಪೂರ್ತಿ ಮನುಷ್ಯನ ಕೆಲಸ. ನಮ್ಮ ಮೈದಾನಗಳಲ್ಲಿ ಚಪ್ಪಾಳೆ ಬೀಳುವುದು ಪಟ ಮೇಲೇಳುವಾಗ. ಈ ಸಲ ಅದನ್ನು ಇಳಿಸುವ ಹೊತ್ತಿಗೂ ಉಳಿಸಿಕೊಳ್ಳಿ, ಪಕ್ಕದಲ್ಲಿರುವ ಮಗುವಿಗೆ ಅದು ಯಾಕೆಂದು ಹೇಳಿಕೊಡಿ.