ಬಸವನಹುಳುವಿನ ಸವಾರಿ

ವ್ಯಂಗ್ಯಚಿತ್ರಗಳ ಪ್ರದರ್ಶನವೆಂದರೆ ಮಕ್ಕಳನ್ನು ಕರೆದೊಯ್ಯುವ ಸ್ಥಳವೆಂಬ ಭಾವನೆ ನಮ್ಮಲ್ಲಿದೆ. ಕಳೆದ ಭಾನುವಾರ ನಗರದಲ್ಲಿ ಏರ್ಪಟ್ಟಿದ್ದ ಅಂಥದೊಂದು ಪ್ರದರ್ಶನಕ್ಕೆ ನಾನೂ ಹಗುರ ಮನಸ್ಸಿನಿಂದಲೇ ಹೋದೆ. ಬಾಗಿಲಲ್ಲೇ ಆರ್. ಕೆ. ಲಕ್ಷ್ಮಣರ ಶ್ರೀಸಾಮಾನ್ಯ ಎದುರಾದ. ತುಟಿ ಬಿಚ್ಚದ ಆಸಾಮಿ. ಮೈಸೂರಿನ ಈ ಕಲಾವಿದರು ವಿದ್ಯಾರ್ಥಿದೆಸೆಯಲ್ಲಿ ರಾಶಿಯವರ ‘ಕೊರವಂಜಿ’ಗೆ ಚಿತ್ರ ಬರೆದವರೆಂದು ಒಂದು ಚೀಟಿಯಲ್ಲಾದರೂ ತಿಳಿಸಬಹುದಾಗಿತ್ತು. ತಿಳಿಸಿರಲಿಲ್ಲ.

ಸಂಜೆ, ಹೊರಗಿನಿಂದ ಬಂದಿದ್ದ ವ್ಯಂಗ್ಯಚಿತ್ರಕಾರರೊಬ್ಬರ ಉಪನ್ಯಾಸ. ಸರಸವಾಗಿ ಮಾತನಾಡಿದರು. ನಡುವೆ ಮೂರೇ ಗೆರೆಗಳಲ್ಲಿ ಮೂಗೊಂದನ್ನು ಎಳೆದು ತೋರಿಸಿದಾಗ ಸಭಿಕರು ಚಪ್ಪಾಳೆ ತಟ್ಟಿದರು. ವ್ಯಂಗ್ಯಚಿತ್ರಕಾರ ನಗುವುದು ಬಲಿಷ್ಠರನ್ನು ಕಂಡೇ ಹೊರತು ದುರ್ಬಲರನ್ನು ಕಂಡಲ್ಲ ಎಂಬುದು ಅವರ ವಾದದ ತಿರುಳು. ಕಿವಿಗೆ ಹಿತವಾದ ಮಾತೇನೋ ನಿಜ. ಆದರೆ ಅವರ ಬೆನ್ನ ಹಿಂದಿನ ಗೋಡೆಯ ಮೇಲೆಯೇ ಶಂಕರ್ ಅವರ 1949ರ ಚಿತ್ರದ ಪ್ರತಿ ತೂಗುತ್ತಿತ್ತು: ಸಂವಿಧಾನವೆಂಬ ಬಸವನಹುಳು, ಅದರ ಮೇಲೆ ಚಾವಟಿ ಹಿಡಿದ ಅಂಬೇಡ್ಕರ್, ಹಿಂದೆ ಚಾವಟಿ ಎತ್ತಿದ ನೆಹರು, ನೋಡುತ್ತ ನಿಂತ ಜನ. ಶಾಲಾ ಪಠ್ಯದಲ್ಲಿ ಸೇರಿದ್ದ ಈ ಚಿತ್ರವೇ 2012ರಲ್ಲಿ ಲೋಕಸಭೆಯಲ್ಲಿ ಗದ್ದಲವೆಬ್ಬಿಸಿದ್ದು.

ವಿದ್ಯಾರ್ಥಿನಿಯೊಬ್ಬಳು ಎದ್ದು, “ಇಲ್ಲಿ ಬಲಿಷ್ಠರು ಯಾರು ಸಾರ್?” ಎಂದಳು. ಇಬ್ಬರೂ ಮಂತ್ರಿಗಳೇ ತಾನೆ ಎಂದರು ಅತಿಥಿಗಳು. ಸಭೆ ನಕ್ಕಿತು; ಹುಡುಗಿ ಕುಳಿತಳು.

ನನಗೆ ಆ ಉತ್ತರ ಒಪ್ಪಿಗೆಯಾಗಲಿಲ್ಲ. ಶಂಕರ್ ಅವರ ಕೈಚಳಕದ ವಿಷಯದಲ್ಲಿ ಎರಡು ಮಾತಿಲ್ಲ. ಆದರೆ ಚಿತ್ರ ಬರುವುದಕ್ಕೆ ಮೊದಲೇ, 1948ರ ನವೆಂಬರಿನಲ್ಲಿ, ಟಿ. ಟಿ. ಕೃಷ್ಣಮಾಚಾರಿಯವರು ಸಂವಿಧಾನ ಸಭೆಯಲ್ಲೇ ಇದ್ದ ಸಂಗತಿ ಹೇಳಿದ್ದರು. ಕರಡು ಸಮಿತಿಯ ಏಳು ಮಂದಿಯಲ್ಲಿ ಒಬ್ಬರು ರಾಜೀನಾಮೆಯಿತ್ತರು, ಅವರ ಜಾಗಕ್ಕೆ ಇನ್ನೊಬ್ಬರು ಬಂದರು, ಒಬ್ಬರು ತೀರಿಕೊಂಡರು, ಒಬ್ಬರು ಅಮೆರಿಕದಲ್ಲಿದ್ದರು, ಮತ್ತೊಬ್ಬರಿಗೆ ಸಂಸ್ಥಾನದ ಕೆಲಸ, ಒಬ್ಬಿಬ್ಬರು ದೆಹಲಿಯಿಂದ ದೂರ. ಭಾರವೆಲ್ಲ ಅಂಬೇಡ್ಕರರ ಹೆಗಲಿಗೆ ಬಿತ್ತು. ಆ ಖಾಲಿ ಕುರ್ಚಿಗಳು ವ್ಯಂಗ್ಯಚಿತ್ರಕ್ಕೆ ಹೇಳಿ ಮಾಡಿಸಿದ ವಸ್ತು! ಅವನ್ನು ಬಿಟ್ಟು, ದುಡಿಯುತ್ತಿದ್ದ ಒಬ್ಬರ ಬೆನ್ನ ಹಿಂದೆ ಚಾವಟಿ ನಿಲ್ಲಿಸಿದ್ದಾಯಿತು. ಬೆನ್ನ ಹಿಂದಿನ ಚಾವಟಿಗೆ ನಮ್ಮ ದೇಶದಲ್ಲಿ ಒಂದು ಚರಿತ್ರೆಯಿದೆ. ಅದು ಎಲ್ಲ ಮಂತ್ರಿಗಳ ಬೆನ್ನಿಗೂ ಒಂದೇ ಅಲ್ಲ.

ಚಿತ್ರವನ್ನು ಕೆಳಗಿಳಿಸಿ ಎನ್ನುತ್ತಿಲ್ಲ. ಪಠ್ಯದಿಂದ ಕಿತ್ತದ್ದೂ ನನಗೆ ಸರಿ ಕಂಡಿಲ್ಲ. ಅಂಬೇಡ್ಕರರನ್ನು ಕುರಿತ ಹಳೆಯ ವ್ಯಂಗ್ಯಚಿತ್ರಗಳನ್ನು ಕಲೆಹಾಕಿ, ಅಂದಿನ ಸಂದರ್ಭದ ವಿವರಣೆಯೊಡನೆ ಉನ್ನಮತಿ ಶ್ಯಾಮಸುಂದರ್ 2019ರಲ್ಲಿ ಪುಸ್ತಕ ತಂದರು. ಆ ಕ್ರಮವೇ ಸರಿ. ಕೃಷ್ಣಮಾಚಾರಿಯವರ ಮಾತನ್ನು ಒಂದು ಹಾಳೆಯಲ್ಲಿ ಬರೆದು ಚೌಕಟ್ಟಿನ ಪಕ್ಕ ಅಂಟಿಸಿದ್ದರೆ ಸಾಕಾಗಿತ್ತು. ಪ್ರದರ್ಶನ ಇನ್ನೂ ಒಂದು ವಾರವಿದೆ, ಕಾಲ ಮೀರಿಲ್ಲ.